ಮೂರ್ತಿ ಡಾಕ್ಟರ ಮೇಲ್ಮಹಡಿಯ ಖಾಲಿ ರೂಮು

ಹೈರಿಡ್ಜ್‌ನ ನಮ್ಮ ಬೇಕರಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಕೌಂಟರಿನ ಹುಡುಗಿ ನನ್ನ ಹಣೆಯ ಬೊಟ್ಟು ನೋಡಿ, "ಎಗ್‌ಲೆಸ್, ಮಾಮಾ?" ಎಂದು ಕೇಳಿಬಿಡುತ್ತಾಳೆ. ಇಲ್ಲಿ ಮಾಮಾ ಎಂದರೆ ಅಮ್ಮ. ನಾನು ಮೊಟ್ಟೆ ತಿನ್ನುತ್ತೇನೆ. ಮದುವೆಯಾಗಿ ನೈರೋಬಿಗೆ ಬಂದ ಹೊಸದರಲ್ಲೇ ಶುರುವಾದ ಅಭ್ಯಾಸ, ಈಗ ಬಿಡುವ ವಯಸ್ಸೂ ಅಲ್ಲ. ಆದರೂ ಹಿಂದೆ ಸಾಲಿನಲ್ಲಿ ನಮ್ಮವರು ಯಾರಾದರೂ ನಿಂತಿದ್ದರೆ "ಹೌದಮ್ಮ, ಎಗ್‌ಲೆಸ್ಸೇ" ಎಂದುಬಿಡುತ್ತೇನೆ. ಆಮೇಲೆ ಮನೆಗೆ ಬಂದು ಆ ಸಪ್ಪೆ ಕೇಕನ್ನು ಟೀಯಲ್ಲಿ ಅದ್ದಿಕೊಂಡು ನನ್ನ ಹೇಡಿತನಕ್ಕೆ ನಾನೇ ಬೈದುಕೊಳ್ಳುತ್ತೇನೆ. ಹೋದ ಶನಿವಾರ ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಮೊಟ್ಟೆ ಹಾಕಿದ್ದನ್ನೇ ಕೊಡು ಎಂದೆ. ಕೇಕು ನನಗಲ್ಲ, ಮಧ್ಯಾಹ್ನ ಮನೆಗೆ ಬರಲಿದ್ದ ಗೆಳತಿ ಫಾತುಮಾ ಅವರಿಗೆ.

ಹುಡುಗಿ ಡಬ್ಬಿಗೆ ದಾರ ಕಟ್ಟುತ್ತಿದ್ದಳು, ನನ್ನ ಫೋನು ಎರಡು ಸಲ ಗುಯ್‌ಗುಟ್ಟಿತು. ಇಂಗ್ಲೆಂಡಿನಿಂದ ಮೂರ್ತಿ ಡಾಕ್ಟರು. ಮೊದಲು ಒಂದು ವಾಯ್ಸ್ ಮೆಸೇಜು, ಅದರ ಬೆನ್ನಿಗೇ ಒಂದು ವಿಡಿಯೋ.

ವಾಯ್ಸ್ ಮೆಸೇಜಿಗೆ ನಾನು ಒಂದು ವಾರದಿಂದ ಕಾಯುತ್ತಿದ್ದೆ. ವಿಷಯ ಸಣ್ಣದು, ನಿಮಗೂ ಹೇಳಿಬಿಡುತ್ತೇನೆ. ಫಾತುಮಾ ಅವರ ಮಗಳು ಸಲ್ಮಾಗೆ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಅದು ಮೂರ್ತಿ ಡಾಕ್ಟರು ಮನೆ ಮಾಡಿಕೊಂಡಿರುವ ಊರೇ. ಹುಡುಗಿ ಈವರೆಗೆ ದೇಶ ಬಿಟ್ಟು ಹೋದವಳಲ್ಲ. ಮೊದಲ ಕೆಲವು ತಿಂಗಳು, ಊರು ಕೇರಿ ಅರ್ಥವಾಗುವವರೆಗೆ, ಡಾಕ್ಟರ ಮನೆಯ ಮೇಲ್ಮಹಡಿಯ ಖಾಲಿ ರೂಮು ಬಾಡಿಗೆಗೆ ಸಿಗಬಹುದೇ ಎಂದು ಫಾತುಮಾ ನನ್ನ ಮೂಲಕ ಕೇಳಿಸಿದ್ದರು. ಬೇಕರಿಯ ಬಾಗಿಲಲ್ಲೇ ನಿಂತು ಫೋನನ್ನು ಕಿವಿಗಿಟ್ಟುಕೊಂಡು ಕೇಳಿದೆ. ಉತ್ತರ, ಆಗುವುದಿಲ್ಲ.

ಆಮೇಲೆ ವಿಡಿಯೋ ನೋಡಿದೆ. ಒಂದು ಶಾಲೆಯ ಗೇಟು, ಅದರ ಮುಂದೆ ಒಂದಷ್ಟು ಜನ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಹಲಾಲ್ ಮಾಂಸ ತರಿಸುವುದು ಬೇಡ ಎಂದು ಗಲಾಟೆ. ಮೈಕು ಹಿಡಿದವನೊಬ್ಬ, ನಮ್ಮ ದೇಶಕ್ಕೆ ಬಂದವರು ನಮ್ಮ ಹಾಗೆ ಇರಲಿ, ಇಲ್ಲವೇ ವಾಪಸು ಹೋಗಲಿ ಎಂದು ಕೂಗುತ್ತಿದ್ದಾನೆ. ಗುಂಪಿನ ಅಂಚಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡು, ಸ್ವೆಟರಿನ ಮೇಲೊಂದು ಸ್ವೆಟರು ತೊಟ್ಟು, ಕೈಯಲ್ಲಿ ಬೋರ್ಡು ಹಿಡಿದು ನಿಂತವರು ನಮ್ಮ ಡಾಕ್ಟರು. ಮೊಮ್ಮಗ ಆ ಶಾಲೆಯಲ್ಲಿ ಓದುತ್ತಾನಂತೆ. ಹುಟ್ಟಿದಾರಭ್ಯ ಮಾಂಸದ ಅಂಗಡಿಯ ಬೀದಿಯಲ್ಲೂ ಮೂಗು ಮುಚ್ಚಿಕೊಂಡು ನಡೆದ ಮನುಷ್ಯ, ಈಗ ಎಪ್ಪತ್ತರ ಮೇಲೆ ಚಳಿಯಲ್ಲಿ ನಿಂತು ಕುರಿಯನ್ನು ಹೇಗೆ ಕೊಯ್ಯಬೇಕು ಎಂಬ ಬಗ್ಗೆ ಹೋರಾಡುತ್ತಿದ್ದಾರೆ. ವಿಡಿಯೋದ ಕೆಳಗೆ ಒಂದು ಸಾಲು: "ದೀಸ್ ಪೀಪಲ್ ವಿಲ್ ನೆವರ್ ಇಂಟಿಗ್ರೇಟ್, ಮೇಡಂ."

ನನ್ನನ್ನು ತಪ್ಪು ತಿಳಿಯಬೇಡಿ. ಒಂದು ಊರಿನ ಶಾಲೆಯಲ್ಲಿ ಮಕ್ಕಳಿಗೆ ಏನು ಬಡಿಸಬೇಕು ಎಂಬುದನ್ನು ಆ ಊರಿನವರು ಕೂತು ಮಾತಾಡಲಿ, ಬೇಕಾದರೆ ಜಗಳವನ್ನೂ ಆಡಲಿ. ಹೊಸಬರು ಬಂದು ಬೀದಿಯ ಚಹರೆ ಬದಲಾದರೆ ಹಳಬರಿಗೆ ಕಸಿವಿಸಿಯಾಗುವುದು ಎಲ್ಲ ಊರಲ್ಲೂ ಇದ್ದದ್ದೇ. ಆ ಗುಂಪಿನ ಇಂಗ್ಲಿಷರು ನನಗೆ ಗೊತ್ತಿಲ್ಲ, ಅವರ ಕಷ್ಟ ಸುಖವೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಆ ಮಂಕಿ ಕ್ಯಾಪು ಮಾತ್ರ, ಅದರ ಚರಿತ್ರೆ ಬಹಳ ಚೆನ್ನಾಗಿ ಗೊತ್ತು.

ಡಾಕ್ಟರು ನೈರೋಬಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದವರು. ಒಳ್ಳೆಯ ವೈದ್ಯರು, ಅದರಲ್ಲಿ ಎರಡು ಮಾತಿಲ್ಲ. ನನ್ನ ಮಗಳ ಟೈಫಾಯಿಡ್ ವಾಸಿ ಮಾಡಿದವರೇ ಅವರು. ಆದರೆ ಅಷ್ಟು ವರ್ಷದಲ್ಲಿ ಅವರು ಕಲಿತ ಸ್ವಾಹಿಲಿಯನ್ನು ಕೇಳಬೇಕಿತ್ತು ನೀವು. ಲೇಟೆ ಎಂದರೆ ತಾ. ಫುಂಗಾ ಎಂದರೆ ಮುಚ್ಚು. ಸಫಿಶಾ ಎಂದರೆ ತೊಳೆ. ಹರಕಾ ಎಂದರೆ ಬೇಗ. ಅಲ್ಲಿಗೆ ಭಾಷೆ ಮುಗಿಯಿತು. ಒಂದು ಇಡೀ ಭಾಷೆಯಲ್ಲಿ ಅವರಿಗೆ ಬೇಕಾದದ್ದು ಅಪ್ಪಣೆಗಳು ಮಾತ್ರ. ಅವರ ಸ್ವಾಹಿಲಿಯಲ್ಲಿ ಒಂದೇ ಒಂದು ಪ್ರಶ್ನೆ ಇರಲಿಲ್ಲ, ನೀನು ಊಟ ಮಾಡಿದೆಯಾ ಎನ್ನುವಷ್ಟು ಕೂಡ. ಮನೆಗೆಲಸದವಳಿಗೆ ಬೇರೆ ಲೋಟ, ವಾಚ್‌ಮನ್‌ಗೆ ಇನ್ನೊಂದು ಲೋಟ, ಇವರಿಬ್ಬರ ಲೋಟ ಒಂದನ್ನೊಂದು ಮುಟ್ಟದಂತೆ ಸಿಂಕಿನ ಕೆಳಗೆ ಬೇರೆ ಬೇರೆ ಮೂಲೆ. ಭಾನುವಾರ ನಮ್ಮವರ ಮನೆ, ಹಬ್ಬಕ್ಕೆ ನಮ್ಮವರ ಮನೆ, ಮಗನಿಗೆ ಹೆಣ್ಣು ನೋಡುವಾಗ ನಮ್ಮವರಲ್ಲೂ ನಮ್ಮವರು. ಈ ದೇಶದ ಒಬ್ಬ ಮನುಷ್ಯ ಅವರ ಮನೆಯ ಸೋಫಾದ ಮೇಲೆ ಕೂತಿದ್ದನ್ನು ನಾನಂತೂ ನೋಡಲಿಲ್ಲ. ಸೋಫಾ ರಿಪೇರಿಗೆ ಬಂದವನೂ ನೆಲದ ಮೇಲೆ ಕೂತೇ ರಿಪೇರಿ ಮಾಡಿದ.

ಇನ್ನು ಊಟದ ಕಥೆ. ಡಾಕ್ಟರ ಮಗ ರೋಹನ್ ಮತ್ತು ನನ್ನ ಮಗಳು ಲ್ಯಾವಿಂಗ್ಟನ್‌ನ ಒಂದೇ ಶಾಲೆಯಲ್ಲಿ ಓದುತ್ತಿದ್ದರು. ಮಧ್ಯಾಹ್ನದ ಊಟ ಅಲ್ಲೇ. ಒಂದು ದಿನ ರೋಹನ್ ಮನೆಗೆ ಬಂದು, ಪಲ್ಯಕ್ಕೂ ಮಾಂಸದ ಸಾರಿಗೂ ಒಂದೇ ಸೌಟು ಹಾಕುತ್ತಾರೆ ಎಂದು ಹೇಳಿಬಿಟ್ಟ. ಮಗು ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದ್ದು. ಡಾಕ್ಟರ ಮನೆಯಲ್ಲಿ ಆಕಾಶವೇ ಕಳಚಿಬಿತ್ತು. ಅವರ ಹೆಂಡತಿ ಲಲಿತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನಿಯೋಗ ಹೊರಟಿತು. ನಾನೂ ಹೋಗಿದ್ದೆ. ಕಾರಣ ಕೇಳಿದರೆ ನಗುತ್ತೀರಿ, ಕಾರು ನಮ್ಮದಾಗಿತ್ತು. ಮನೆಯಲ್ಲಿ ಬೆಳಿಗ್ಗೆ ಆಮ್ಲೆಟ್ ತಿಂದು, ಸೌಟಿನ ಶುದ್ಧಿಗಾಗಿ ಹೋರಾಡಲು ನಾಲ್ಕು ಜನರನ್ನು ಕೂರಿಸಿಕೊಂಡು ಗಾಡಿ ಓಡಿಸಿಕೊಂಡು ಹೋದವಳು ನಾನು.

ಹೆಡ್‌ಮಿಸ್ಟ್ರೆಸ್ ಇಲ್ಲಿಯವರೇ, ಎತ್ತರದ ಗಂಭೀರ ಹೆಂಗಸು. ಡಾಕ್ಟರು ಎದ್ದು ನಿಂತು ಮಾತಾಡಿದರು. ನಮ್ಮ ಮಕ್ಕಳಿಗೆ ಬೇರೆ ಕೌಂಟರು, ಬೇರೆ ಪಾತ್ರೆ, ಬೇರೆ ಸೌಟು ಬೇಕು. ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ ಇರಕೂಡದು. ಜೆಲ್ಲಿಯಲ್ಲಿ ಏನಿದೆ ಎಂದು ಮೊದಲೇ ತಿಳಿಸಬೇಕು. "ಮೇಡಂ, ಇದು ನಮ್ಮ ಐಡೆಂಟಿಟಿ. ಯಾವ ದೇಶಕ್ಕೆ ಹೋದರೂ ಇದನ್ನು ಕಾಂಪ್ರಮೈಸ್ ಮಾಡಿಕೊಳ್ಳೋಕೆ ಆಗಲ್ಲ," ಎಂದು ಇಂಗ್ಲಿಷಿನಲ್ಲಿ ಗಂಟಲುಬ್ಬಿಸಿ ಹೇಳಿದರು. ಆಕೆ ಸಾವಧಾನವಾಗಿ ಕೇಳಿಸಿಕೊಂಡು, ಮಕ್ಕಳಿಗೆ ಇಲ್ಲಿನ ಮೆಕ್ಕೆಜೋಳದ ಮುದ್ದೆ ಉಗಾಲಿಯನ್ನೂ ಸೊಪ್ಪಿನ ಪಲ್ಯವನ್ನೂ ರೂಢಿ ಮಾಡಿಸಬಹುದಲ್ಲ, ಅದರಲ್ಲಿ ಮಾಂಸವೇ ಇರುವುದಿಲ್ಲ ಎಂದರು. ಡಾಕ್ಟರು ಮುಖ ಗಂಟಿಕ್ಕಿಕೊಂಡು, ಬೇಯಿಸುವ ಪಾತ್ರೆ ಯಾವುದು ಎಂದು ಕೇಳಿದರು. ಟೀಚರುಗಳಲ್ಲಿ ಒಬ್ಬಾತ, ಇವತ್ತು ಸೌಟು ಕೇಳುತ್ತಾರೆ, ನಾಳೆ ಬೇರೆ ಶಾಲೆಯನ್ನೇ ಕೇಳುತ್ತಾರೆ ಎಂದು ನಮಗೆ ಕೇಳಿಸುವ ಹಾಗೆಯೇ ಗೊಣಗಿದ.

ಆಗ ಅಡುಗೆಮನೆಯ ಉಸ್ತುವಾರಿಯವರನ್ನು ಕರೆಸಿದರು. ತಲೆಗೆ ಬಟ್ಟೆ ಸುತ್ತಿಕೊಂಡು ಕೈ ಒರೆಸಿಕೊಳ್ಳುತ್ತ ಬಂದವರೇ ಫಾತುಮಾ. ಮೊಂಬಾಸಾ ಕಡೆಯವರು. ವಿಷಯ ಕೇಳಿ ಅವರು ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. "ಇದರಲ್ಲಿ ವಿಚಿತ್ರ ಏನಿದೆ? ನನ್ನ ಮಗಳೂ ಯಾರು ಕೊಯ್ದ ಮಾಂಸ ಎಂದು ಗೊತ್ತಾಗದೆ ಬಾಯಿಗೆ ಇಡುವುದಿಲ್ಲ. ತಾಯಂದಿರಿಗೆ ಇದೆಲ್ಲ ಅರ್ಥವಾಗುತ್ತದೆ. ನನಗೆ ಒಂದು ವಾರ ಕೊಡಿ," ಎಂದರು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ, ಆದರೆ ಅದರ ನೆಮ್ಮದಿಯನ್ನು ತರಲು ನನ್ನಿಂದಾಗುತ್ತಿಲ್ಲ.

ವಾರ ಕಳೆಯುವಷ್ಟರಲ್ಲಿ ಬೇರೆ ಕೌಂಟರು ಬಂತು. ಸೌಟುಗಳ ಹಿಡಿಗೆ ಹಸಿರು ಬಣ್ಣ ಬಂತು. ಗೊಣಗುವ ಟೀಚರುಗಳ ಜೊತೆ ಜಗಳವಾಡಿದವರು ಫಾತುಮಾ, ನಾವಲ್ಲ. ಡಾಕ್ಟರಿಗೆ ಅಷ್ಟಕ್ಕೂ ಸಮಾಧಾನವಾಗದೆ ಒಂದು ದಿನ ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ, ಹಸಿರು ಸೌಟೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸಿದರಂತೆ. "ರುಚಿಯನ್ನೂ ನೋಡಿಬಿಡಿ, ಡಾಕ್ಟಾರಿ," ಎಂದು ಫಾತುಮಾ ಒಂದು ಬಟ್ಟಲು ಮುಂದಿಟ್ಟರಂತೆ. ಅದರಲ್ಲಿದ್ದದ್ದು ತಿಳಿಸಾರು. ಮಕ್ಕಳಿಗೆ ಮನೆಯ ರುಚಿ ಸಿಗಲಿ ಎಂದು ಅವರು ನಮ್ಮ ಮನೆಗೆ ಬಂದು ನನ್ನ ಹತ್ತಿರ ಕಲಿತುಕೊಂಡು ಹೋಗಿದ್ದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಅಂದಿನಿಂದ ನಾನು ಅವರಿಗೆ ಮ್ವಾಲಿಮು, ಎಂದರೆ ಟೀಚರು. ನನ್ನ ಮಗಳು ಮಾತ್ರ ಎರಡೂ ಕೌಂಟರಿನಲ್ಲಿ ತಟ್ಟೆ ಹಿಡಿಯುತ್ತಿದ್ದಳೆಂಬ ಸಂಗತಿ ಅವಳ ಮದುವೆಯಾದ ಮೇಲೆ ನನಗೆ ತಿಳಿಯಿತು. ನಮ್ಮ ನಿಯೋಗದ ಇಡೀ ಹೋರಾಟದಲ್ಲಿ ನನಗೆ ಸಿಕ್ಕಿದ ಒಂದೇ ಸಂತೋಷ ಅದು.

ರೋಹನ್ ಶಾಲೆ ಮುಗಿಸಿ ಇಂಗ್ಲೆಂಡಿಗೆ ಹೋದ. ಹಿಂದೆಯೇ ಅಪ್ಪ ಅಮ್ಮ ಹೋದರು. ಅಲ್ಲಿಗೆ ಹೋದ ಮೇಲೆ ಡಾಕ್ಟರಿಗೆ ಒಂದು ಹೊಸ ಕಾಯಿಲೆ ಅಂಟಿತು. ಅದರ ಹೆಸರು "ನಾವು". "ನಾವು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ದೇಶ ಮೇಡಂ," ಎಂದು ಫೋನಿನಲ್ಲಿ ಹೇಳುತ್ತಿದ್ದರು. ಯಾವ ದೇಶ ಎಂದರೆ ಇಂಗ್ಲೆಂಡು. ಇವರು ಅಲ್ಲಿಗೆ ಕಾಲಿಡುವಾಗಲೇ ಅರವತ್ತರ ಹತ್ತಿರ ಬಂದಿದ್ದರು. ನಮ್ಮ ಸಂಸ್ಕೃತಿ, ನಮ್ಮ ಶಿಸ್ತು, ನಮ್ಮ ಕ್ಯೂ. ಮುಸ್ಲಿಮರು ಬಂದು ಎಲ್ಲ ಕೆಡಿಸಿದರು. ಅಲ್ಲಿಯ ಇಂಗ್ಲಿಷರು ಈ "ನಾವು" ಎಂಬುದರಲ್ಲಿ ಡಾಕ್ಟರನ್ನು ಸೇರಿಸಿಕೊಂಡಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೋದ ವರ್ಷ ಅವರು ನೈರೋಬಿಗೆ ಬಂದಾಗ ರಿವರ್‌ಸೈಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮವರು ಊಟ ಇಟ್ಟುಕೊಂಡಿದ್ದರು. ಬೆಂಗಳೂರಿನಿಂದ ಹೊಸದಾಗಿ ಬಂದ ದಂಪತಿಗಳ ಮನೆ. ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಡಾಕ್ಟರು ಯೂರೋಪಿನ ಭವಿಷ್ಯವನ್ನು ವಿವರಿಸಿದರು. "ಏನ್ ಹೇಳ್ಲಿ, ಅವರ ಫುಡ್ಡೇ ಬೇರೆ ಬೇಕು, ಡ್ರೆಸ್ಸೇ ಬೇರೆ ಬೇಕು. ಮನೇಲಿ ಇಂಗ್ಲಿಷ್ ಮಾತಾಡಲ್ಲ. ಮಕ್ಕಳ್ನ ವೀಕೆಂಡ್ ಆದ್ರೆ ಅವರದೇ ಕ್ಲಾಸಿಗೆ ಕಳಿಸ್ತಾರೆ. ಮದ್ವೆ ಅಂದ್ರೆ ಅವರವರಲ್ಲೇ. ಹೀಗಾದ್ರೆ ಮಿಕ್ಸ್ ಆಗೋದು ಹೇಗ್ರೀ?"

ಮಂಗಳೂರು ಕಡೆಯ ಗ್ರೇಸಿಬಾಯಿ ಪಕ್ಕದಲ್ಲೇ ಕೂತಿದ್ದರು. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಔಷಧಿ ಅಂಗಡಿ ಇಟ್ಟವರು, ನಾಲಿಗೆ ಸ್ವಲ್ಪ ಹರಿತ. "ಹಾಗಾದ್ರೆ ಅವರು ನಮ್ಮ ಹಾಗೇ ಅಲ್ವಾ ಡಾಕ್ಟ್ರೇ?" ಎಂದರು.

"ಛೆ ಛೆ, ಕಂಪೇರ್ ಮಾಡ್ಬೇಡಿ. ನಮ್ದು ಕಲ್ಚರ್, ಅವರದ್ದು ಸೆಪರೇಟಿಸಮ್," ಎಂದು ಡಾಕ್ಟರು ಇನ್ನೊಂದು ಹೋಳಿಗೆಗೆ ಕೈ ಹಾಕಿದರು. ಮನೆಯವರ ಮಗಳನ್ನು ಹತ್ತಿರ ಕರೆದು ಹೆಸರು ಕೇಳಿದರು. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಡಾಕ್ಟರಿಗೆ ಬೇಸರವಾಯಿತು. "ಏನ್ರೀ ಇದು, ಮನೇಲಿ ಕನ್ನಡ ಮಾತಾಡ್ಸಲ್ವಾ? ನಾವೆಲ್ಲ ಸಂಡೇ ಸಂಡೇ ಕನ್ನಡ ಕ್ಲಾಸ್ ನಡೆಸ್ತಿದ್ವಿ ಇಲ್ಲಿ," ಎಂದು ಆ ತಾಯಿಯನ್ನು ಗದರಿದರು. ಗ್ರೇಸಿಬಾಯಿ ನನ್ನ ಕಡೆ ನೋಡಿದರು. ನಾನು ಪಾಯಸದ ಬಟ್ಟಲನ್ನು ನೋಡಿದೆ.

ಹೊರಡುವಾಗ ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ ಮಾತು ಇದು: "ರೋಹನ್ ಬೇರೆ ಮನೆ ಮಾಡ್ಕೊಂಡ ಮೇಲೆ ನಮ್ಮ ಅಪ್‌ಸ್ಟೇರ್ಸ್ ರೂಮ್ ಖಾಲಿನೇ ಇದೆ. ನೈರೋಬಿಯವರು ಯಾರೇ ಬಂದ್ರೂ ನಮ್ಮನೇಲೇ ಇಳೀಬೇಕು. ಆಮೇಲೆ ಕೋಪ ಮಾಡ್ಕೋತೀನಿ ನೋಡಿ."

ಫಾತುಮಾ ನೈರೋಬಿಯವರಲ್ಲದೆ ಇನ್ನೇನು? ಈ ಮಾತನ್ನು ನೆಚ್ಚಿಕೊಂಡೇ ನಾನು ರೂಮು ಕೇಳಿದ್ದು. ಜನ ಬಾಗಿಲಲ್ಲಿ ನಿಂತು ಆಡುವ ಮಾತನ್ನು ನಂಬುವ ವಯಸ್ಸು ನನ್ನದಲ್ಲ, ಆದರೂ ನಂಬಿದೆ.

ಮಧ್ಯಾಹ್ನ ಫಾತುಮಾ ಬಂದರು. ಶಾಲೆಯಿಂದ ನಿವೃತ್ತರಾಗಿ ಸೌತ್ ಸಿ ಕಡೆ ಇದ್ದಾರೆ. ಎರಡು ಮಟಾಟು ವ್ಯಾನು ಬದಲಿಸಿ ಬರಬೇಕು, ಮಂಡಿ ನೋವು ಬೇರೆ. ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡವರೇ ಸಲ್ಮಾಳ ತಯಾರಿಯನ್ನು ವಿವರಿಸಲು ಶುರು ಮಾಡಿದರು. ದಪ್ಪ ಕೋಟು ಕೊಂಡದ್ದಾಯಿತು. ಸಾಮಾನು ಕಟ್ಟಿದ್ದಾಯಿತು. "ಮ್ವಾಲಿಮು, ಒಂದು ವಿಷಯ ಡಾಕ್ಟಾರಿಗೆ ನೀವು ಮರೆಯದೆ ಹೇಳಬೇಕು. ಅವರ ಮನೆಯಲ್ಲಿ ಇರುವವರೆಗೆ ಅವಳು ಮಾಂಸ ಮುಟ್ಟುವುದಿಲ್ಲ. ಹೊರಗೂ ತಿನ್ನುವುದಿಲ್ಲ. ನಾನು ಮಾತು ತೆಗೆದುಕೊಂಡಿದ್ದೇನೆ. ಒಂದು ಬಾಣಲೆ, ಒಂದು ಪಾತ್ರೆ ಹೊಸದಾಗಿ ಕೊಡಿಸಿದ್ದೇನೆ, ಇವತ್ತಿನವರೆಗೆ ಅದರಲ್ಲಿ ಏನೂ ಬೇಯಿಸಿಲ್ಲ. ಲಲಿತಾ ಮಾಮಾಗೆ ಮನಸ್ಸಿಗೆ ಹಿಂಸೆಯಾಗಬಾರದು ನೋಡಿ."

ನಾನು ಕೇಕು ಕತ್ತರಿಸುತ್ತಿದ್ದೆ. ಚಾಕು ಕೆಳಗಿಟ್ಟೆ.

"ಉತ್ತರ ಬಂತಾ?" ಎಂದರು.

"ಬಂದಿದೆ. ವಾಯ್ಸ್ ಮೆಸೇಜು."

"ಹಾಕಿ, ಹಾಕಿ. ಡಾಕ್ಟಾರಿಯ ಧ್ವನಿ ಕೇಳಿ ಎಷ್ಟು ವರ್ಷವಾಯಿತು."

ಕನ್ನಡದಲ್ಲಿದೆ ಎಂದೆ. ಇರಲಿ, ಧ್ವನಿ ಕೇಳುತ್ತೇನೆ, ಅರ್ಥ ನೀವು ಹೇಳಿ ಎಂದರು. ನನಗೂ ಅದೇ ಅನುಕೂಲವೆನಿಸಿತು. ಏನು ಹೇಳಬೇಕೆಂಬುದನ್ನು ಡಾಕ್ಟರೇ ಮೆಸೇಜಿನ ಕೊನೆಯಲ್ಲಿ ಸೂಚಿಸಿದ್ದರು. ಈ ಊರಿನಲ್ಲಿ ಕನ್ನಡ ನಮಗೆ ಮನೆಯ ಕಿಟಕಿ ಪರದೆ ಇದ್ದ ಹಾಗೆ. ಲಿಫ್ಟಿನಲ್ಲಿ, ತರಕಾರಿ ಅಂಗಡಿಯಲ್ಲಿ, ಮನೆಗೆಲಸದವರ ಎದುರಿಗೇ ಅವರ ಬಗ್ಗೆ ಬೇಕಾದ್ದು ಮಾತಾಡುತ್ತೇವೆ, ಯಾರಿಗೂ ತಿಳಿಯುವುದಿಲ್ಲ ಎಂಬ ಭಂಡ ಧೈರ್ಯ. ಆ ಧೈರ್ಯದಲ್ಲೇ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದೆ.

"ಮೇಡಂ, ನಮಸ್ಕಾರ. ಫಾತುಮಾ ವೆರಿ ಗುಡ್ ಲೇಡಿ, ನೋ ಡೌಟ್. ಆದ್ರೆ ಇಲ್ಲಿ ಸಿಚುಯೇಶನ್ ನಿಮಗೆ ಗೊತ್ತಿಲ್ಲ. ಮುಸ್ಲಿಮ್ ಟೆನೆಂಟ್ ಅಂದ್ರೆ ನೇಬರ್ಸ್ ಏನಂತಾರೆ? ಹೆಡ್‌ಸ್ಕಾರ್ಫ್ ಬೇರೆ. ಲಲಿತಂಗೆ ಕಿಚನ್ ಪ್ರಾಬ್ಲಮ್ ಆಗತ್ತೆ. ನಾನೀಗ ಸ್ಕೂಲ್ ಕ್ಯಾಂಪೇನ್‌ನಲ್ಲಿದೀನಿ, ನಮ್ಮನೇಲೇ ಇಟ್ಕೊಂಡ್ರೆ ವೆರಿ ಎಂಬರಾಸಿಂಗ್. ರೈಲ್ವೆ ಸ್ಟೇಷನ್ ಹತ್ರ ಹೋಲ್ ಏರಿಯಾನೇ ಅವರದಿದೆ, ದೇರ್ ಶಿ ವಿಲ್ ಬಿ ಮೋರ್ ಕಂಫರ್ಟಬಲ್. ನೀವೇ ಟ್ಯಾಕ್ಟ್‌ಫುಲ್ಲಾಗಿ ಹೇಳ್ಬಿಡಿ, ಹೌಸ್ ರೆನೊವೇಶನ್ ನಡೀತಿದೆ ಅಂತ."

ಮೊದಲ ಮಾತಿಗೇ ಫಾತುಮಾ ಅವರ ಮುಖ ಅರಳಿತ್ತು, ಹಳೆಯ ಪರಿಚಯದ ಧ್ವನಿ ಕೇಳಿದವರ ಮುಖ. ಮುಸ್ಲಿಮ್ ಎಂಬ ಮಾತಿಗೆ ಅದು ಹಾಗೇ ನಿಂತಿತು. ನಾನು ಬೇಕರಿಯ ಬಾಗಿಲಲ್ಲಿ ಕೇಳಿದಾಗ ಆ ಮೆಸೇಜು ಕನ್ನಡವಾಗಿತ್ತು. ಈಗ ಫಾತುಮಾ ಎದುರಿಗೆ ಕೂತು ಕೇಳುತ್ತಿದ್ದಂತೆ ಅದರಲ್ಲಿ ಕನ್ನಡವೇ ಕಾಣಲಿಲ್ಲ. ಮುಸ್ಲಿಮ್, ಟೆನೆಂಟ್, ನೇಬರ್ಸ್, ಹೆಡ್‌ಸ್ಕಾರ್ಫ್, ಕಿಚನ್, ಎಂಬರಾಸಿಂಗ್. ಮಾತಿನ ಮೂಳೆ ಮಾಂಸವೆಲ್ಲ ಇಂಗ್ಲಿಷು, ಕನ್ನಡ ಬರೀ ಮೇಲಿನ ಚರ್ಮ. ನಿಲ್ಲಿಸಬೇಕಿತ್ತು. ಕೈ ಚಾಚಿದೆ. ಫಾತುಮಾ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕೊನೆಯವರೆಗೂ ಕೇಳಿದರು.

"ರೆನೊವೇಶನ್," ಎಂದರು. ನಾನು ಹೇಳಬೇಕಾದ ಸುಳ್ಳು ನನಗಿಂತ ಮೊದಲೇ ಅವರ ಬಾಯಿಂದ ಬಂತು.

ನನಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ರೋಷ ಬಂತು. ಇಷ್ಟು ವರ್ಷ ಈ ಮನುಷ್ಯನನ್ನು ನಾನು ತಮಾಷೆಯ ಆಸಾಮಿ ಎಂದುಕೊಂಡು ನಕ್ಕು ಸುಮ್ಮನಾಗುತ್ತಿದ್ದೆ. ಅವರ ವಿಡಿಯೋಗಳನ್ನು ಗ್ರೇಸಿಬಾಯಿಗೆ ಕಳಿಸಿ ಇಬ್ಬರೂ ನಗುತ್ತಿದ್ದೆವು. ಈಗ ನಗು ಎಲ್ಲಿಂದ ತರಲಿ?

"ಸವಾ," ಎಂದರು ಫಾತುಮಾ, ಆಗಲಿ ಎನ್ನುವ ಹಾಗೆ. ಸ್ವಲ್ಪ ಹೊತ್ತು ತಮ್ಮ ಮಂಡಿಯನ್ನು ನೀವಿಕೊಂಡರು. "ಆ ಸ್ಟೇಷನ್ ಹತ್ತಿರ ರೂಮು ಮೊದಲೇ ಸಿಕ್ಕಿತ್ತು, ಮ್ವಾಲಿಮು. ಅಲ್ಲಿನ ಮಸೀದಿಯವರೇ ನೋಡಿಕೊಟ್ಟಿದ್ದರು. ಬಾಡಿಗೆಯೂ ಕಡಿಮೆ. ನಾನೇ ಬೇಡ ಎಂದೆ. ಅಲ್ಲಿಗೆ ಹೋದರೆ ಇವಳು ಬರೀ ನಮ್ಮವರ ಜೊತೆಯೇ ಇದ್ದುಬಿಡುತ್ತಾಳೆ. ಅಷ್ಟು ದೂರ ಹೋಗಿ ಅದೇ ಮುಖ, ಅದೇ ಮಾತು. ಬೇರೆಯವರ ಮನೆಯಲ್ಲಿದ್ದು ಆ ದೇಶ ಕಲಿಯಲಿ ಎಂದು ಆಸೆಯಿತ್ತು. ಬೇರೆಯವರು ಎಂದರೆ ನನಗೆ ಅಲ್ಲಿ ಗೊತ್ತಿದ್ದದ್ದು ಡಾಕ್ಟಾರಿ ಒಬ್ಬರೇ."

ಹೇಳಿ ತಮ್ಮ ಫೋನು ತೆಗೆದು ಮಗಳಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದರು. ಮಸೀದಿಯವರಿಗೆ ಹೂಂ ಎಂದುಬಿಡು ಎಂಬಷ್ಟು ನನಗೂ ಅರ್ಥವಾಯಿತು. ಆ ಕಡೆಯಿಂದ ಹುಡುಗಿ ಯಾಕೆಂದು ಕೇಳಿದ್ದಿರಬೇಕು. "ರೆನೊವೇಶನ್," ಎಂದು ಫಾತುಮಾ ಮತ್ತೆ ಹೇಳಿದರು. ಮಗಳಿಗೆ ಅವರು ಆ ಸುಳ್ಳನ್ನೇ ಕೊಟ್ಟರು, ಹೊರಡುವ ಮೊದಲೇ ಮಗಳ ಮನಸ್ಸು ಮುರಿಯಬಾರದಲ್ಲ.

ನಾನು ಮೇಜಿನ ಮೇಲಿದ್ದ ನನ್ನ ಫೋನು ಎತ್ತಿಕೊಂಡೆ. ಡಾಕ್ಟರಿಗೆ ಉತ್ತರ ಕೊಡುವಾಗ ಯಾವಾಗಲೂ ಒಂದು ನಮಸ್ಕಾರ, ಒಂದು ಕ್ಷೇಮವೇ ಎಂಬ ಮಾತು ಇರುತ್ತಿತ್ತು. ಈ ಸಲ ಅದಾವುದೂ ಬರಲಿಲ್ಲ. ಫಾತುಮಾಗೂ ಕೇಳಲಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ:

"ಡಾಕ್ಟ್ರೇ, ಫಾತುಮಾ ನನ್ನೆದುರಿಗೇ ಕೂತಿದ್ದಾರೆ. ನಿಮ್ಮ ಮೆಸೇಜು ಪೂರ್ತಿ ಕೇಳಿದರು, ಅನುವಾದ ಬೇಕಾಗಲಿಲ್ಲ. ಸಲ್ಮಾ ನೀವು ಹೇಳಿದ ಹಾಗೆ ಸ್ಟೇಷನ್ ಹತ್ತಿರವೇ ಇರುತ್ತಾಳೆ. ಮುಂದಿನ ಸಲ ನೀವು ಸಭೆಯಲ್ಲಿ ನಿಂತು, ಇವರು ಯಾಕೆ ಎಲ್ಲ ಒಂದೇ ಬೀದಿಯಲ್ಲಿ ಇರುತ್ತಾರೆ ಎಂದು ಕೇಳುವಾಗ, ಆ ಬೀದಿಯ ದಾರಿ ತೋರಿಸಿದವರು ಯಾರು ಎಂಬುದನ್ನೂ ಸೇರಿಸಿ ಹೇಳಿ."